ಒಂದೇ ಪುಡಿ, ಎರಡು ರುಚಿ

ಒಂದೇ ಪಂಕ್ತಿಯಲ್ಲಿ ಕುಳಿತು ಊಟಮಾಡುವವರನ್ನು ಗಮನಿಸಿ. ಒಬ್ಬರು ಎಲೆಕೋಸಿನ ಪಲ್ಯವನ್ನು ಎರಡನೆಯ ಸಲ ಕೇಳಿ ಬಡಿಸಿಕೊಳ್ಳುತ್ತಾರೆ. ಪಕ್ಕದವರು ಅದನ್ನು ಎಲೆಯ ಅಂಚಿಗೆ ಸರಿಸಿ ಸುಮ್ಮನಾಗುತ್ತಾರೆ. ಹಾಗೆ ಸರಿಸಿದವರು ದೊಡ್ಡವರಾದರೆ ‘ಅವರಿಗೆ ಅದು ಸೇರುವುದಿಲ್ಲ’ ಎನ್ನುತ್ತೇವೆ. ಮಗುವಾದರೆ ‘ಹಟಮಾರಿ’ ಎಂದು ಗದರಿಸುತ್ತೇವೆ. ಎರಡು ಮಾತುಗಳ ಹಿಂದೆಯೂ ಇರುವ ನಂಬಿಕೆ ಒಂದೇ: ಪಲ್ಯದ ರುಚಿ ಎಲ್ಲರ ನಾಲಗೆಗೂ ಒಂದೇ ತೆರನಾಗಿ ತಿಳಿಯುತ್ತದೆ, ಅದನ್ನು ಮೆಚ್ಚುವ ಅಥವಾ ಮೆಚ್ಚದಿರುವ ಮನಸ್ಸು ಮಾತ್ರ ಬೇರೆ ಬೇರೆ. ಈ ನಂಬಿಕೆ ಪೂರ್ತಿಯಾಗಿ ನಿಜವಲ್ಲವೆಂಬುದು ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಹೊರಬಿದ್ದಿತು. ಆ ಸಂಗತಿಯನ್ನೂ, ಅದರಿಂದ ಕಲಿಯಬೇಕಾದ ಪಾಠವನ್ನೂ, ಕಲಿಯುವಾಗ ಆಗಬಹುದಾದ ಒಂದು ದೊಡ್ಡ ತಪ್ಪನ್ನೂ ಈ ಲೇಖನದಲ್ಲಿ ನೋಡೋಣ.

ಗಾಳಿಗೆ ಹಾರಿದ ಪುಡಿ

ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಕೆಲಸಮಾಡುತ್ತಿದ್ದರು. ಫಿನೈಲ್‌ಥಯೋಕಾರ್ಬಮೈಡ್ ಎಂಬ ಬಿಳಿಯ ಪುಡಿಯನ್ನು ಅವರು ಒಮ್ಮೆ ಸೀಸೆಗೆ ತುಂಬುತ್ತಿರುವಾಗ ಅದರ ಧೂಳು ಸ್ವಲ್ಪ ಗಾಳಿಗೆ ಹಾರಿತು. ಅದೇ ಕೋಣೆಯಲ್ಲಿದ್ದ ನಾಲರ್ ಎಂಬ ಸಹೋದ್ಯೋಗಿ, ಬಾಯೆಲ್ಲ ಕಹಿಯಾಯಿತೆಂದು ದೂರಿದರು. ಪುಡಿಗೆ ಅವರಿಗಿಂತ ಹತ್ತಿರದಲ್ಲಿದ್ದ ಫಾಕ್ಸರಿಗೆ ಯಾವ ರುಚಿಯೂ ತಿಳಿದಿರಲಿಲ್ಲ. ಅವರು ಕೆಲವು ಹರಳುಗಳನ್ನು ನಾಲಗೆಯ ಮೇಲಿಟ್ಟುಕೊಂಡು ನೋಡಿ, ಇದಕ್ಕೆ ರುಚಿಯೇ ಇಲ್ಲವೆಂದರು. ನಾಲರ್ ತಾವೂ ಕೆಲವು ಹರಳುಗಳನ್ನು ಬಾಯಿಗೆ ಹಾಕಿಕೊಂಡರು. ಅವರಿಗೆ ಅವು ಸಹಿಸಲಾರದಷ್ಟು ಕಹಿಯಾಗಿದ್ದವು. ಇಬ್ಬರೂ ಸುಳ್ಳಾಡುವವರಲ್ಲ, ಪುಡಿಯೂ ಒಂದೇ. ಹಾಗಾದರೆ ವ್ಯತ್ಯಾಸವಿದ್ದುದು ಎಲ್ಲಿ?

ಜಗಳವನ್ನು ತೀರಿಸಲು ಫಾಕ್ಸ್ ಇತರರನ್ನು ಕರೆದು ಪುಡಿಯ ರುಚಿ ನೋಡಿಸಿದರು. ಕೆಲವರು ಮುಖ ಸಿಂಡರಿಸಿದರು. ಕೆಲವರು ಸೀಮೆಸುಣ್ಣದಂತೆ ಸಪ್ಪೆಯೆಂದರು. ವಯಸ್ಸು, ಲಿಂಗ ಇವುಗಳಿಂದ ಈ ಭೇದವನ್ನು ವಿವರಿಸುವುದು ಸಾಧ್ಯವಾಗಲಿಲ್ಲ. ೧೯೩೧ರಲ್ಲಿ ಈ ಸುದ್ದಿ ಪ್ರಕಟವಾದ ಮೇಲೆ ಆಲ್ಬರ್ಟ್ ಬ್ಲೇಕ್ಸ್ಲಿ ಎಂಬ ಅನುವಂಶವಿಜ್ಞಾನಿ ಇದರಲ್ಲಿ ಆಸಕ್ತಿ ತಾಳಿದರು. ಇಂದು ಈ ಪದಾರ್ಥವನ್ನು ಎಲ್ಲರೂ ಪಿ.ಟಿ.ಸಿ. ಎಂದು ಚುಟುಕಾಗಿ ಕರೆಯುತ್ತಾರೆ. ಯುರೋಪ್ ಮೂಲದ ಜನರಲ್ಲಿ ನೂರಕ್ಕೆ ಸುಮಾರು ೩೦ ಮಂದಿಗೆ ಅದರ ಕಹಿ ತಿಳಿಯದು. ಲೋಕದ ಬೇರೆ ಬೇರೆ ಭಾಗಗಳಲ್ಲಿ ಈ ಪ್ರಮಾಣವೂ ಬೇರೆ ಬೇರೆಯಾಗಿರುತ್ತದೆ. ಮುಂದೆ ಸುಲಭಕ್ಕಾಗಿ ಮೊದಲನೆಯವರನ್ನು ‘ಕಹಿ ಬಲ್ಲವರು’ ಎಂದೂ, ಎರಡನೆಯವರನ್ನು ‘ಕಹಿ ಅರಿಯದವರು’ ಎಂದೂ ಕರೆಯೋಣ. ಆದರೆ ಒಂದು ಮಾತನ್ನು ಇಲ್ಲಿಯೇ ನೆನಪಿಡಬೇಕು. ಕಹಿ ಅರಿಯದವರು ಎಲ್ಲ ಕಹಿಗಳಿಗೂ ಕುರುಡರಲ್ಲ. ಬೇವಿನ ಎಲೆ, ಹಾಗಲಕಾಯಿ, ಕ್ವಿನೀನ್ ಮಾತ್ರೆ ಇವು ಅವರಿಗೂ ಕಹಿಯೇ. ಅವರಿಗೆ ತಿಳಿಯದಿರುವುದು ಪಿ.ಟಿ.ಸಿ. ಮತ್ತು ಅದರ ಬಳಗಕ್ಕೆ ಸೇರಿದ ಕೆಲವು ಪದಾರ್ಥಗಳ ಕಹಿ ಮಾತ್ರ.

ನಾಲಗೆಯಲ್ಲಿ ನಡೆಯುವುದೇನು?

ಈ ವಿಚಿತ್ರದ ಕಾರಣವನ್ನು ತಿಳಿಯಬೇಕಾದರೆ ರುಚಿ ಎಂಬುದು ಹೇಗೆ ಹುಟ್ಟುತ್ತದೆಂಬುದನ್ನು ಮೊದಲು ತಿಳಿಯಬೇಕು. ಕನ್ನಡಿಯ ಮುಂದೆ ನಾಲಗೆ ಚಾಚಿದರೆ ಅದರ ಮೇಲೆ ಸಣ್ಣ ಸಣ್ಣ ಉಬ್ಬುಗಳು ಕಾಣುತ್ತವೆ. ಇವುಗಳಲ್ಲಿ ಹಲವುದರ ಒಳಗೆ, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ರುಚಿಮೊಗ್ಗುಗಳು ಹುದುಗಿವೆ. ಒಂದೊಂದು ಮೊಗ್ಗೂ ಸುಮಾರು ೫೦ರಿಂದ ೧೦೦ ಜೀವಕೋಶಗಳ ಒಂದು ಗೊಂಚಲು. ಈ ಕೋಶಗಳ ಆಯುಸ್ಸು ಬಹು ಸ್ವಲ್ಪ. ಸರಾಸರಿ ಹತ್ತು ಹದಿನೈದು ದಿನಗಳಲ್ಲಿ ಹಳೆಯವು ಅಳಿದು ಹೊಸವು ಹುಟ್ಟುತ್ತವೆ. ಬಿಸಿ ಕಾಫಿಯಿಂದ ಸುಟ್ಟ ನಾಲಗೆಗೆ ಕೆಲವು ದಿನಗಳಲ್ಲಿ ರುಚಿ ಮರಳಿ ಬರುವುದು ಇದರಿಂದಲೇ.

ನಮ್ಮ ಆಯುರ್ವೇದ ಗ್ರಂಥಗಳು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ಆರು ರಸಗಳನ್ನು ಎಣಿಸುತ್ತವೆ. ಇಂದಿನ ಶರೀರವಿಜ್ಞಾನದ ಎಣಿಕೆ ಬೇರೆ. ಅದು ಸಿಹಿ, ಹುಳಿ, ಉಪ್ಪು, ಕಹಿ ಎಂಬ ನಾಲ್ಕರ ಜೊತೆಗೆ, ೧೯೦೮ರಲ್ಲಿ ಜಪಾನಿನ ಇಕೆಡಾ ಗುರುತಿಸಿದ ‘ಉಮಾಮಿ’ ಎಂಬ ಐದನೆಯ ರುಚಿಯನ್ನು ಸೇರಿಸುತ್ತದೆ. ಮೆಣಸಿನಕಾಯಿಯ ಖಾರವನ್ನು ಅದು ರುಚಿಯ ಪಟ್ಟಿಗೆ ಸೇರಿಸುವುದಿಲ್ಲ. ಏಕೆಂದರೆ ಖಾರವನ್ನು ಗ್ರಹಿಸುವುದು ರುಚಿಮೊಗ್ಗುಗಳಲ್ಲ, ಬಿಸಿಯನ್ನೂ ನೋವನ್ನೂ ತಿಳಿಸುವ ನರಗಳು. ನಾಲಗೆಯ ತುದಿಯಲ್ಲಿ ಸಿಹಿ, ಬುಡದಲ್ಲಿ ಕಹಿ ಎಂದು ಹಂಚಿ ತೋರಿಸುವ ಚಿತ್ರವೊಂದನ್ನು ವಾಚಕರು ಪಠ್ಯಪುಸ್ತಕಗಳಲ್ಲಿ ಕಂಡಿರಬಹುದು. ಆ ಚಿತ್ರ ತಪ್ಪು. ರುಚಿಮೊಗ್ಗುಗಳಿರುವ ಕಡೆಗಳಲ್ಲೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ. ಸೂಕ್ಷ್ಮತೆಯಲ್ಲಿ ಅಲ್ಪಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಅಷ್ಟೆ. ಬೇಕಾದರೆ ನಾಲಗೆಯ ತುದಿಗೆ ಹಾಗಲಕಾಯಿಯ ರಸವನ್ನು ಮುಟ್ಟಿಸಿ ಪರೀಕ್ಷಿಸಬಹುದು.

ಕಹಿಯನ್ನು ಗ್ರಹಿಸುವ ಕೋಶದ ಹೊರಪೊರೆಯಲ್ಲಿ ಗ್ರಾಹಕಗಳೆಂಬ ಪ್ರೋಟೀನ್‌ಗಳಿವೆ. ಗ್ರಾಹಕವನ್ನು ಒಂದು ಬೀಗಕ್ಕೆ ಹೋಲಿಸಬಹುದು. ಕಹಿ ಪದಾರ್ಥದ ಅಣು ಬೀಗದ ಕೈಯಂತೆ ಅದರೊಳಗೆ ಹೊಂದಿಕೊಂಡಾಗ, ಕೋಶದೊಳಗೆ ಒಂದರ ಹಿಂದೊಂದು ರಾಸಾಯನಿಕ ಕ್ರಿಯೆಗಳು ನಡೆದು ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಕೋಶ ನರವನ್ನು ಕೆರಳಿಸುತ್ತದೆ. ಸುದ್ದಿ ಮಿದುಳಿಗೆ ತಲುಪುತ್ತದೆ. ಆಗ ನಮಗೆ ‘ಕಹಿ’ ಎಂದು ತಿಳಿಯುತ್ತದೆ. ಕಹಿ ಎಂಬುದು ಪುಡಿಯಲ್ಲಿ ಕುಳಿತಿರುವ ಗುಣವಲ್ಲ; ಅಣು ಮತ್ತು ಗ್ರಾಹಕ ಕೂಡಿದಾಗ ಹುಟ್ಟುವ ಅನುಭವ. ಸಸ್ಯಗಳ ವಿಷಗಳಲ್ಲಿ ಅನೇಕವು ಕಹಿಯಾಗಿರುವುದರಿಂದ, ವಿಷವನ್ನು ನುಂಗುವ ಮೊದಲೇ ಉಗುಳುವಂತೆ ಮಾಡುವ ಕಾವಲುಗಾರನಾಗಿ ಈ ಏರ್ಪಾಡು ಬೆಳೆದುಬಂದಿದೆ. ಸಿಹಿಗೆ ಒಂದು ಬಗೆಯ ಗ್ರಾಹಕ ಸಾಕಾದರೆ, ಕಹಿಗೆ ಮನುಷ್ಯನಲ್ಲಿ ಸುಮಾರು ೨೫ ಬಗೆಯ ಗ್ರಾಹಕಗಳಿವೆ. ಇವುಗಳಲ್ಲಿ ಒಂದು ಕೆಟ್ಟರೂ ಉಳಿದವು ಕೆಲಸಮಾಡುತ್ತಿರುತ್ತವೆ. ಫಾಕ್ಸರ ನಾಲಗೆಗೆ ಪಿ.ಟಿ.ಸಿ. ಸಪ್ಪೆಯಾಗಿ ತೋರಿದರೂ, ಅಂಥವರ ನಾಲಗೆಗೂ ಬೇವು ಕಹಿಯಾಗಿಯೇ ಇರುವುದು ಹೀಗೆ.

ಮೆಂಡೆಲನ ಲೆಕ್ಕ

ಫಾಕ್ಸರ ಸುದ್ದಿ ಹರಡಿದ ಕೂಡಲೆ ವಿಜ್ಞಾನಿಗಳು ಕುಟುಂಬಗಳನ್ನು ಪರೀಕ್ಷಿಸತೊಡಗಿದರು. ತಂದೆತಾಯಿಗಳಿಬ್ಬರೂ ಕಹಿ ಬಲ್ಲವರಾದರೂ ಕೆಲವೊಮ್ಮೆ ಮಕ್ಕಳಲ್ಲಿ ಕಹಿ ಅರಿಯದವರು ಹುಟ್ಟುತ್ತಿದ್ದರು. ಇಬ್ಬರೂ ಅರಿಯದವರಾದರೆ ಮಕ್ಕಳೂ ಬಹುಮಟ್ಟಿಗೆ ಅರಿಯದವರೇ. ಇದು ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ, ೧೮೬೬ರಲ್ಲಿ ಪ್ರಕಟಿಸಿದ ನಿಯಮದಂತೆಯೇ ತೋರಿತು.

ಲೆಕ್ಕ ಹೀಗೆ. ಪ್ರತಿಯೊಬ್ಬರಲ್ಲೂ ಈ ಗುಣಕ್ಕೆ ಸಂಬಂಧಿಸಿದ ಜೀನ್ ಎರಡು ಪ್ರತಿಗಳಲ್ಲಿರುತ್ತದೆ. ಒಂದು ತಂದೆಯಿಂದ, ಒಂದು ತಾಯಿಯಿಂದ ಬಂದುದು. ಕಹಿಯನ್ನು ತಿಳಿಸುವ ಪ್ರತಿಯನ್ನು ‘ಕ’ ಎಂದೂ, ತಿಳಿಸದ ಪ್ರತಿಯನ್ನು ‘ಸ’ ಎಂದೂ ಕರೆಯೋಣ. ಕ-ಕ ಆದವರೂ ಕ-ಸ ಆದವರೂ ಕಹಿ ಬಲ್ಲರು, ಏಕೆಂದರೆ ಒಂದು ‘ಕ’ ಇದ್ದರೂ ಗ್ರಾಹಕ ತಯಾರಾಗುತ್ತದೆ. ಸ-ಸ ಆದವರು ಮಾತ್ರ ಅರಿಯದವರು. ತಂದೆತಾಯಿಗಳಿಬ್ಬರೂ ಕ-ಸ ಆದರೆ, ಮಗುವಿಗೆ ಎರಡೂ ಕಡೆಯಿಂದ ‘ಸ’ ಬರುವ ಸಂಭವ ನಾಲ್ಕರಲ್ಲಿ ಒಂದು. ತಂದೆತಾಯಿಗಳಿಬ್ಬರೂ ಸ-ಸ ಆದರೆ ಕೊಡಲು ಅವರಲ್ಲಿ ‘ಕ’ ಇಲ್ಲವೇ ಇಲ್ಲ. ಆದುದರಿಂದ ಅವರ ಎಲ್ಲ ಮಕ್ಕಳೂ ಕಹಿ ಅರಿಯದವರಾಗಬೇಕು.

ಈ ಲೆಕ್ಕ ಎಷ್ಟು ಸರಳವೆಂದರೆ, ಪಿ.ಟಿ.ಸಿ. ಸವರಿದ ಕಾಗದದ ತುಂಡು ಅನೇಕ ದೇಶಗಳ ಶಾಲಾಕಾಲೇಜುಗಳಲ್ಲಿ ಮೆಂಡೆಲ್ ಪಾಠದ ಉಪಕರಣವಾಯಿತು. ವಿದ್ಯಾರ್ಥಿಗಳು ಅದನ್ನು ನಾಲಗೆಯ ಮೇಲಿಟ್ಟು ನೋಡಿ, ಮನೆಗೂ ಒಯ್ದು ತಂದೆತಾಯಿಗಳಿಗೆ ಕೊಟ್ಟು, ವಂಶದ ಪಟ್ಟಿ ಬರೆಯುತ್ತಿದ್ದರು. ಅಪಾಯ ಹುಟ್ಟುವುದು ಇಲ್ಲಿಯೇ. ಒಬ್ಬ ಹುಡುಗಿಗೆ ಕಾಗದ ಕಹಿಯಾಯಿತು. ಅವಳ ತಂದೆತಾಯಿಗಳಿಬ್ಬರಿಗೂ ಅದು ಸಪ್ಪೆ ಎಂದಿಟ್ಟುಕೊಳ್ಳಿ. ಪಾಠದ ಪ್ರಕಾರ ಇದು ಅಸಾಧ್ಯ! ಆ ಹುಡುಗಿ ಏನೆಂದು ಯೋಚಿಸಬೇಕು? ಸರಳವಾದ ಒಂದು ಲೆಕ್ಕ ನಿರಪರಾಧಿಯಾದ ಒಂದು ಮನೆಯೊಳಗೆ ಸಂದೇಹದ ಬೀಜವನ್ನು ಬಿತ್ತಬಲ್ಲದು.

ಲೆಕ್ಕಕ್ಕೆ ಸಿಗದ ಐವರು

ಈ ಸಂದೇಹಕ್ಕೆ ಉತ್ತರ ಮೊದಲ ದೊಡ್ಡ ಅಧ್ಯಯನದಲ್ಲಿಯೇ ಇದೆ. ೧೯೩೨ರಲ್ಲಿ ಅಮೆರಿಕದ ಲಾರೆನ್ಸ್ ಸ್ನೈಡರ್ ೮೦೦ ಕುಟುಂಬಗಳ ವಿವರವನ್ನು ಪ್ರಕಟಿಸಿದರು. ಅವುಗಳಲ್ಲಿ ೮೬ ಕುಟುಂಬಗಳಲ್ಲಿ ತಂದೆತಾಯಿಗಳಿಬ್ಬರೂ ಕಹಿ ಅರಿಯದವರು. ಅವರಿಗಿದ್ದ ಮಕ್ಕಳು ೨೨೩. ಲೆಕ್ಕದಂತೆ ಎಲ್ಲರೂ ಅರಿಯದವರಾಗಬೇಕಿತ್ತು. ೨೧೮ ಮಕ್ಕಳು ಹಾಗೆಯೇ ಇದ್ದರು. ಉಳಿದ ಐವರು ಕಹಿ ಬಲ್ಲವರು. ೨೨೩ರಲ್ಲಿ ಐದು ಎಂಬುದು ಅಲ್ಪ ಸಂಖ್ಯೆ. ನಿಯಮವನ್ನು ಸ್ಥಾಪಿಸಲು ಹೊರಟವರಿಗೆ ಅದು ಲಕ್ಷ್ಯಕ್ಕೆ ಬಾರದಿರಬಹುದು. ಆದರೆ ಆ ಐದರಲ್ಲಿ ಒಬ್ಬರಾದವರಿಗೆ ಅದು ಅಲ್ಪವಲ್ಲ.

ಐವರ ವಿಷಯದಲ್ಲಿ ಕುಟುಂಬದ ಮೇಲೆ ಅನುಮಾನಪಡುವ ಮೊದಲು ಪರೀಕ್ಷೆಯ ಮೇಲೆ ಅನುಮಾನಪಡುವುದು ವಿಜ್ಞಾನದ ಮಾರ್ಗ. ೧೯೪೯ರಲ್ಲಿ ಇಂಗ್ಲೆಂಡಿನ ಹ್ಯಾರಿಸ್ ಮತ್ತು ಕಾಲ್ಮಸ್ ಪರೀಕ್ಷೆಯನ್ನು ತಿದ್ದಿದರು. ಅವರು ಪಿ.ಟಿ.ಸಿ.ಯ ದ್ರಾವಣವನ್ನು ಹಂತಹಂತಕ್ಕೂ ಅರ್ಧಕ್ಕೆ ತೆಳುಮಾಡುತ್ತ ಒಂದು ಸಾಲು ದ್ರಾವಣಗಳನ್ನು ಸಿದ್ಧಪಡಿಸಿದರು. ಎಂಟು ಲೋಟಗಳಲ್ಲಿ ನಾಲ್ಕಕ್ಕೆ ದ್ರಾವಣವನ್ನೂ ನಾಲ್ಕಕ್ಕೆ ಬರಿಯ ನೀರನ್ನೂ ಹಾಕಿ, ಯಾವುದು ಯಾವುದೆಂದು ಬೇರ್ಪಡಿಸಲು ಹೇಳಿದರು. ಊಹೆಗೆ ಇಲ್ಲಿ ಎಡೆ ಕಡಿಮೆ. ಪ್ರತಿಯೊಬ್ಬರಿಗೂ ಎಷ್ಟು ತೆಳುವಾದ ದ್ರಾವಣದವರೆಗೆ ಕಹಿ ತಿಳಿಯುತ್ತದೆಂಬುದು ಹೀಗೆ ಗೊತ್ತಾಯಿತು. ಫಲಿತಾಂಶವನ್ನು ನಕ್ಷೆಯಾಗಿ ಬರೆದರೆ ಎರಡು ಗುಡ್ಡಗಳು ಕಾಣುತ್ತವೆ: ಒಂದು ಬಲ್ಲವರದು, ಒಂದು ಅರಿಯದವರದು. ಆದರೆ ನಡುವಿನ ಕಣಿವೆ ಬರಿದಾಗಿಲ್ಲ, ಅಲ್ಲಿಯೂ ಜನರಿದ್ದಾರೆ. ಇಂಥವರು ಕಾಗದದ ತುಂಡನ್ನು ಇಂದು ಕಹಿ ಎನ್ನಬಹುದು, ನಾಳೆ ಸಪ್ಪೆ ಎನ್ನಬಹುದು. ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರಗಳ ಪರೀಕ್ಷೆ ಇವರನ್ನು ಬಲವಂತವಾಗಿ ಒಂದು ಕಡೆಗೆ ತಳ್ಳುತ್ತದೆ.

ಜೀನ್ ಕೈಗೆ ಸಿಕ್ಕಿತು

ಎಪ್ಪತ್ತು ವರ್ಷಗಳ ಕಾಲ ‘ಕ’ ಮತ್ತು ‘ಸ’ ಎಂಬುವು ಕಾಗದದ ಮೇಲಿನ ಅಕ್ಷರಗಳಾಗಿಯೇ ಉಳಿದಿದ್ದವು. ೨೦೦೩ರಲ್ಲಿ ಕಿಮ್, ಡ್ರೇನಾ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಆ ಜೀನನ್ನು ೭ನೆಯ ವರ್ಣತಂತುವಿನಲ್ಲಿ ಪತ್ತೆಹಚ್ಚಿದರು. ಅದರ ಹೆಸರು ಟಿ.ಎ.ಎಸ್.೨.ಆರ್.೩೮. ೩೩೩ ಅಮೈನೋ ಆಮ್ಲಗಳನ್ನು ಸರದಂತೆ ಪೋಣಿಸಿ ಒಂದು ಕಹಿಗ್ರಾಹಕವನ್ನು ಕಟ್ಟುವುದು ಈ ಜೀನಿನ ಕೆಲಸ.

‘ಕ’ ಮತ್ತು ‘ಸ’ ಪ್ರತಿಗಳ ನಡುವೆ ಇರುವ ವ್ಯತ್ಯಾಸ ಈ ಸರದ ಮೂರು ಮಣಿಗಳಲ್ಲಿ ಮಾತ್ರ. ‘ಕ’ ಪ್ರತಿಯಲ್ಲಿ ೪೯ನೆಯ ಸ್ಥಾನದಲ್ಲಿ ಪ್ರೋಲೀನ್, ೨೬೨ನೆಯದರಲ್ಲಿ ಅಲನೀನ್, ೨೯೬ನೆಯದರಲ್ಲಿ ವ್ಯಾಲೀನ್ ಇವೆ. ‘ಸ’ ಪ್ರತಿಯಲ್ಲಿ ಇದೇ ಸ್ಥಾನಗಳಲ್ಲಿ ಕ್ರಮವಾಗಿ ಅಲನೀನ್, ವ್ಯಾಲೀನ್, ಐಸೊಲ್ಯೂಸೀನ್ ಇವೆ. ೩೩೩ರಲ್ಲಿ ಮೂರು ಬದಲಾದರೆ ಬೀಗ ಪಿ.ಟಿ.ಸಿ.ಗೆ ತೆರೆಯದು. ನಾಲರ್ ಕಹಿಯೆಂದು, ಫಾಕ್ಸ್ ಸಪ್ಪೆಯೆಂದು ಎದುರುಬದುರಾಗಿ ನುಡಿದಂಥ ಭೇದದ ಮೂಲ ಮುಖ್ಯವಾಗಿ ಇಲ್ಲಿಯೇ ಇದೆ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಈ ಮೂರು ಸ್ಥಾನಗಳಲ್ಲಿ ಬೇರೆ ಬಗೆಯ ಜೋಡಣೆಯಿರುವ ಪ್ರತಿಗಳೂ ಕೆಲವರಲ್ಲಿ ಕಂಡುಬಂದಿವೆ. ಅವರ ಸೂಕ್ಷ್ಮತೆ ಮಧ್ಯಮ ದರ್ಜೆಯದು. ಪಿ.ಟಿ.ಸಿ.ಯ ಕಹಿಯನ್ನು ಗ್ರಹಿಸುವುದರಲ್ಲಿ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ನೂರಕ್ಕೆ ೫೫ರಿಂದ ೮೫ರಷ್ಟನ್ನು ಮಾತ್ರ ಈ ಜೀನ್ ವಿವರಿಸುತ್ತದೆಂದು ಆ ವಿಜ್ಞಾನಿಗಳೇ ಲೆಕ್ಕಹಾಕಿದರು. ಉಳಿದುದರಲ್ಲಿ ಬೇರೆ ಜೀನ್‌ಗಳಿಗೂ ವಯಸ್ಸು ಮೊದಲಾದುವುಗಳಿಗೂ ಪಾಲಿದೆ. ಹೀಗಿರುವಲ್ಲಿ, ಕಹಿ ಅರಿಯದ ದಂಪತಿಗಳಿಗೆ ಕಹಿ ಬಲ್ಲ ಮಗು ಹುಟ್ಟುವುದು ಅಪರೂಪವೇ ಹೊರತು ಅಸಾಧ್ಯವಲ್ಲ. ರುಚಿಯ ಕಾಗದದಿಂದ ತಂದೆತಾಯಿಗಳನ್ನು ನಿರ್ಣಯಿಸುವುದು ವಿಜ್ಞಾನವಲ್ಲ.

ಚಿಂಪಾಂಜಿಗಳ ಸಾಕ್ಷ್ಯ

ಸರಳವಾದ ವಿವರಣೆ ಮೋಸಮಾಡಿದ ಇನ್ನೊಂದು ಪ್ರಸಂಗವನ್ನೂ ಹೇಳಬೇಕು. ೧೯೩೯ರಲ್ಲಿ ಫಿಷರ್, ಫೋರ್ಡ್, ಹಕ್ಸ್ಲಿ ಎಂಬ ಮೂವರು ಪ್ರಸಿದ್ಧ ಜೀವವಿಜ್ಞಾನಿಗಳು ಮೃಗಾಲಯದ ಚಿಂಪಾಂಜಿಗಳಿಗೆ ಪಿ.ಟಿ.ಸಿ. ಬೆರೆಸಿದ ಸಿಹಿನೀರನ್ನು ಕೊಟ್ಟು ನೋಡಿದರು. ಹೆಚ್ಚಿನವು ಅದನ್ನು ನಿರಾಕರಿಸಿದವು. ಕೆಲವು ಏನೂ ಆಗದಂತೆ ಕುಡಿದವು. ಮನುಷ್ಯರಲ್ಲಿರುವಂತೆಯೇ ಅಲ್ಲಿಯೂ ಎರಡು ಪಂಗಡ! ಈ ಭೇದ ಮನುಷ್ಯ ಮತ್ತು ಚಿಂಪಾಂಜಿಗಳ ಸಮಾನ ಪೂರ್ವಜರಿಂದಲೇ ಬಂದು, ಲಕ್ಷಾಂತರ ವರ್ಷಗಳಿಂದ ಎರಡೂ ಕುಲಗಳಲ್ಲಿ ಉಳಿದಿದೆಯೆಂದು ಅವರು ಊಹಿಸಿದರು. ಊಹೆ ಸಹಜವಾಗಿಯೇ ಇತ್ತು. ಆದರೆ ೨೦೦೬ರಲ್ಲಿ ಚಿಂಪಾಂಜಿಗಳ ಜೀನನ್ನು ಓದಿದಾಗ ಅದು ತಪ್ಪೆಂದು ತಿಳಿಯಿತು. ಚಿಂಪಾಂಜಿಯಲ್ಲಿ ಕೆಟ್ಟಿರುವುದು ನಮ್ಮಲ್ಲಿ ಬದಲಾದ ಮೂರು ಸ್ಥಾನಗಳಲ್ಲ. ‘ಇಲ್ಲಿಂದ ಆರಂಭಿಸು’ ಎಂದು ಜೀವಕೋಶಕ್ಕೆ ತಿಳಿಸುವ ಮೊದಲ ಸಂಕೇತ. ಎರಡು ಕುಲಗಳಲ್ಲಿ ಎರಡು ಬೇರೆ ಬೇರೆ ಸಂದರ್ಭಗಳಲ್ಲಿ ಒಂದೇ ಬೀಗ ಬೇರೆ ಬೇರೆ ರೀತಿಯಲ್ಲಿ ಕೆಟ್ಟಿತ್ತು. ಹೊರಗಿನ ಹೋಲಿಕೆಯೊಂದನ್ನೇ ನಂಬಿ ಒಳಗಿನ ಕಾರಣವೂ ಒಂದೇ ಎನ್ನಬಾರದು.

ಎಲೆಕೋಸಿನ ಪಲ್ಯಕ್ಕೆ ಮರಳಿ

ಪಿ.ಟಿ.ಸಿ. ನಾವು ತಿನ್ನುವ ವಸ್ತುವಲ್ಲ. ಅದು ರಸಾಯನಶಾಲೆಯಲ್ಲಿ ತಯಾರಾದುದು. ಹಾಗಾದರೆ ಈ ಗ್ರಾಹಕದಿಂದ ನಿತ್ಯಜೀವನಕ್ಕೆ ಏನು ಸಂಬಂಧ? ಪಿ.ಟಿ.ಸಿ.ಯ ಕಹಿಗೆ ಕಾರಣವಾದುದು ಅದರಲ್ಲಿ ಸಾರಜನಕ, ಇಂಗಾಲ, ಗಂಧಕ ಇವು ಕೂಡಿಕೊಂಡಿರುವ ಒಂದು ಗುಂಪು. ಇಂಥದೇ ಗುಂಪುಳ್ಳ ಪದಾರ್ಥಗಳು ಸಾಸಿವೆಯ ಕುಟುಂಬಕ್ಕೆ ಸೇರಿದ ಸಸ್ಯಗಳಿಂದ ಹುಟ್ಟುತ್ತವೆ. ಎಲೆಕೋಸು, ಹೂಕೋಸು, ಮೂಲಂಗಿ, ನವಿಲುಕೋಸು ಇವೆಲ್ಲ ಈ ಕುಟುಂಬದವೇ. ಇವುಗಳನ್ನು ಹೆಚ್ಚಿದಾಗ ಅಥವಾ ಅಗಿದಾಗ ಕೋಶಗಳು ಒಡೆದು, ಅದುವರೆಗೆ ಬೇರೆ ಬೇರೆಯಾಗಿದ್ದ ಪದಾರ್ಥಗಳು ಕೂಡಿ ಹೊಸ ಸಂಯುಕ್ತಗಳಾಗುತ್ತವೆ. ಒಣ ಸಾಸಿವೆಗೆ ಇಲ್ಲದ ಘಾಟು ನೀರು ಹಾಕಿ ಅರೆದ ಸಾಸಿವೆಗೆ ಬರುವುದು ಈ ಕ್ರಿಯೆಯಿಂದಲೇ. ಇಂಥ ಸಂಯುಕ್ತಗಳಲ್ಲಿ ಒಂದಾದ ಗಾಯ್ಟ್ರಿನ್ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಮಾಡಬಲ್ಲದು. ಆಹಾರದಲ್ಲಿ ಅಯೋಡೀನ್ ಸಾಲದಿರುವ ಕಡೆ ಅತಿಯಾದರೆ ಗಳಗಂಡಕ್ಕೆ ನೆರವಾಗಬಲ್ಲದು. ಅಯೋಡೀನ್ ಇರುವ ಉಪ್ಪನ್ನು ಬಳಸುವವರು ಸಾಧಾರಣ ಪ್ರಮಾಣದಲ್ಲಿ ಬೇಯಿಸಿದ ಕೋಸನ್ನು ತಿನ್ನಲು ಹೆದರಬೇಕಾಗಿಲ್ಲ.

೨೦೦೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಕ-ಕ ಆದವರು ಇಂಥ ತರಕಾರಿಗಳನ್ನು ಸ-ಸ ಆದವರಿಗಿಂತ ಸ್ಪಷ್ಟವಾಗಿ ಹೆಚ್ಚು ಕಹಿಯೆಂದು ಹೇಳಿದರು. ಅದಕ್ಕಿಂತ ಗಮನಾರ್ಹವಾದುದು ೨೦೦೫ರ ಇನ್ನೊಂದು ಅಧ್ಯಯನ. ತಾಯಂದಿರನ್ನೂ ಅವರ ಮಕ್ಕಳನ್ನೂ ಪಿ.ಟಿ.ಸಿ.ಯ ಬಳಗದ ಇನ್ನೊಂದು ಪದಾರ್ಥದಿಂದ ಪರೀಕ್ಷಿಸಿದಾಗ, ಇಬ್ಬರೂ ಕ-ಸ ಆಗಿದ್ದ ಪಕ್ಷದಲ್ಲಿ, ತಾಯಿಗಿಂತ ಮಗುವಿಗೆ ಕಹಿ ಬೇಗ ತಿಳಿಯುತ್ತಿತ್ತು. ಜೀನ್ ಒಂದೇ ಆದರೂ ವಯಸ್ಸು ಬೇರೆಯಾದರೆ ಅನುಭವ ಬೇರೆ. ‘ನನಗೆ ಕಹಿಯಾಗಿಲ್ಲ, ನಿನಗೆ ಹೇಗೆ ಕಹಿಯಾದೀತು?’ ಎಂದು ಕೇಳುವ ತಾಯಿಯೂ ನಿಜವನ್ನೇ ಹೇಳುತ್ತಿರಬಹುದು. ತಟ್ಟೆಯನ್ನು ದೂರ ಸರಿಸುವ ಮಗುವೂ ನಿಜವನ್ನೇ ಹೇಳುತ್ತಿರಬಹುದು. ಹಾಗೆಂದು ಜೀನ್ ನಮ್ಮ ಊಟವನ್ನು ನಿರ್ಧರಿಸಿಬಿಡುವುದಿಲ್ಲ. ಅಭ್ಯಾಸ, ಅಡಿಗೆಯ ರೀತಿ, ಮನೆಯ ವಾಡಿಕೆ ಇವುಗಳ ಬಲವೂ ದೊಡ್ಡದು. ಕಾಫಿಯ ಕಹಿಯನ್ನು ಬೇಡವೆನ್ನುತ್ತಿದ್ದ ಹುಡುಗರು ದೊಡ್ಡವರಾದ ಮೇಲೆ ಅದಿಲ್ಲದೆ ಬೆಳಗನ್ನು ಆರಂಭಿಸಲಾರರಷ್ಟೆ.

ಈ ಗ್ರಾಹಕದ ಕೆಲಸ ನಾಲಗೆಗೇ ಸೀಮಿತವಲ್ಲವೆಂಬುದು ೨೦೧೨ರಲ್ಲಿ ತಿಳಿಯಿತು. ಮೂಗಿನ ಒಳಪೊರೆಯ ಕೋಶಗಳಲ್ಲಿಯೂ ಅದು ಇದೆ. ಕೆಲವು ಬ್ಯಾಕ್ಟೀರಿಯಾಗಳು ತಮ್ಮತಮ್ಮೊಳಗೆ ಸುದ್ದಿ ಕಳುಹಿಸಲು ಬಳಸುವ ಪದಾರ್ಥಗಳನ್ನು ಅದು ಗುರುತಿಸಿ, ಅವುಗಳನ್ನು ಕೊಲ್ಲುವ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಬಿಡಿಸುತ್ತದೆ. ಕ-ಕ ಆದವರ ಕೋಶಗಳಲ್ಲಿ ಈ ಪ್ರತಿಕ್ರಿಯೆ ಹೆಚ್ಚು ಚುರುಕು.

ತರಗತಿಯಲ್ಲಿ ಪರೀಕ್ಷಿಸುವವರಿಗೆ

ಪಿ.ಟಿ.ಸಿ. ಕಾಗದದ ಪರೀಕ್ಷೆಯನ್ನು ಮಾಡುವ ಅವಕಾಶ ಒದಗಿದ ವಿದ್ಯಾರ್ಥಿಗಳು ಕೆಲವು ನಿಯಮಗಳನ್ನು ಪಾಲಿಸಬೇಕು. ಈ ಪದಾರ್ಥ ವಿಷಕಾರಿ. ಪುಡಿಯನ್ನು ಮುಟ್ಟಲೂ ಬಾರದು, ರುಚಿ ನೋಡಲೂ ಬಾರದು. ಅತ್ಯಲ್ಪ ಪ್ರಮಾಣವನ್ನು ಸವರಿ ಮಾರುವ ಸಿದ್ಧ ಕಾಗದವನ್ನು ಅಧ್ಯಾಪಕರ ಎದುರಿನಲ್ಲಿ ಮಾತ್ರ ಬಳಸಬೇಕು. ಮೊದಲು ಏನೂ ಸವರದ ಕಾಗದವನ್ನು ನಾಲಗೆಯ ಮೇಲಿಟ್ಟು, ಅನಂತರ ಸವರಿದುದನ್ನು ಇಡಬೇಕು; ಬರಿಯ ಕಾಗದದ ರುಚಿಯನ್ನೇ ಕಹಿಯೆಂದು ಭ್ರಮಿಸುವವರುಂಟು. ಪಕ್ಕದವರ ಮುಖವನ್ನು ನೋಡುವ ಮೊದಲು ತಮ್ಮ ಉತ್ತರವನ್ನು ಬರೆದಿಡಬೇಕು. ‘ಸಪ್ಪೆ, ಸ್ವಲ್ಪ ಕಹಿ, ಕಹಿ, ಬಹಳ ಕಹಿ’ ಎಂದು ನಾಲ್ಕು ದರ್ಜೆಗಳಲ್ಲಿ ಬರೆದರೆ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿರುವವರು ತಮ್ಮ ತರಗತಿಯಲ್ಲಿಯೂ ಇದ್ದಾರೆಂಬುದು ಕಂಡೀತು. ಕಾಗದವನ್ನು ಮನೆಗೆ ಒಯ್ಯಬಾರದು. ಅದು ತಂದೆಯನ್ನಾಗಲಿ ತಾಯಿಯನ್ನಾಗಲಿ ಪರೀಕ್ಷಿಸುವ ಸಾಧನವಲ್ಲ.

ಫಾಕ್ಸ್ ಮತ್ತು ನಾಲರ್ ಅಂದು ಎದುರುಬದುರಾಗಿ ನಿಂತು ಒಬ್ಬರನ್ನೊಬ್ಬರು ಸುಳ್ಳರೆಂದು ಕರೆದು ಸುಮ್ಮನಾಗಿದ್ದರೆ ಈ ವಿಷಯವೇ ನಮಗೆ ತಿಳಿಯುತ್ತಿರಲಿಲ್ಲ. ತಮಗೆ ತಿಳಿಯದ ಕಹಿ ಇನ್ನೊಬ್ಬರಿಗೆ ತಿಳಿದಿರಬಹುದೆಂದು ಫಾಕ್ಸ್ ಒಪ್ಪಿಕೊಂಡುದರಿಂದ ಸಂಶೋಧನೆ ಆರಂಭವಾಯಿತು. ಮುಂದಿನ ಸಲ ಮನೆಯಲ್ಲಿ ಕೋಸಿನ ಪಲ್ಯವನ್ನು ಯಾರಾದರೂ ಎಲೆಯ ಅಂಚಿಗೆ ಸರಿಸಿದಾಗ, ಗದರಿಸುವ ಮೊದಲು ‘ನಿನಗೆ ಇದರ ರುಚಿ ಹೇಗಿದೆ?’ ಎಂದು ಒಮ್ಮೆ ಕೇಳಿ ನೋಡಬಹುದು.